ನಲವತ್ತೊಂದು ಸಲ ಹುಡುಕಿದ ಪದ

ಮಾರ್ಚ್ 11, ಬೆಳಿಗ್ಗೆ ಹತ್ತೂಕಾಲು. ಆಸ್ಪತ್ರೆಯ ನರ್ಸ್ ಒಬ್ಬಳು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮುಂದೆ ಒಂದು ಕಾಗದ ಇಟ್ಟಳು. ಟೈಪು ಮಾಡಿದ್ದು, ಸಹಿಯಿಲ್ಲ.

"ಸಲಹಾ ಕೇಂದ್ರದಲ್ಲಿ ನೀನು ಹೇಳಿದ್ದೆಲ್ಲ ಓದಿದ್ದೇನೆ. ಹೇಳದೆ ಬಿಟ್ಟಿದ್ದನ್ನೂ ಹೇಳಬೇಕು. ಎಲ್ಲಿ, ಹೇಗೆ ಎಂದು ಶನಿವಾರ ತಿಳಿಸುತ್ತೇನೆ. ಒಪ್ಪದಿದ್ದರೆ ನಿನ್ನ ಕತೆ ಆಸ್ಪತ್ರೆಯ ಗೋಡೆಗೆ ಅಂಟುತ್ತದೆ."

"ಅಲ್ಲಿ ಏನು ಹೇಳಿದ್ರಿ?"

"ಮನಸ್ಸಿಗೆ ಭಾರ ಆದಾಗ ಹೋಗ್ತಿದ್ದೆ. ನನ್ನ ಸಂಸಾರದ ವಿಷಯ ಇದೆ, ಸತ್ತವರ ವಿಷಯಾನೂ ಇದೆ. ಆ ಕಡತ ನೀವು ಓದೋದಾದ್ರೆ ದೂರು ಬೇಡ ಸರ್, ವಾಪಸ್ ತಗೋತೀನಿ."

ಅವಳು ಕಾಗದವನ್ನು ಮಡಿಸತೊಡಗಿದಳು. ಇನ್‌ಸ್ಪೆಕ್ಟರ್ ಅದನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ಓದದೆ ಹಿಡಿಯೋಕಾಗುತ್ತಾ ನೋಡೋಣಮ್ಮ. ಆಗದಿದ್ರೆ ನಾನೇ ದೂರು ನಿಮ್ಮ ಕೈಗೆ ಕೊಡ್ತೀನಿ."

10.50ಕ್ಕೆ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲೆಲ್ಲ ಮೀಸೆಯಣ್ಣ ಎಂದೇ ಹೆಸರು. ಮೀಸೆ ತೆಗೆದು ಐದು ವರ್ಷವಾಗಿದ್ದರೂ ಹೆಸರನ್ನು ಬೋಳಿಸಲು ಅವರಿಂದ ಆಗಿರಲಿಲ್ಲ.

"ಓದಬಾರದು, ಹಿಡೀಬೇಕು," ಎಂದು ಅವರು ಜೀಪು ಹತ್ತುತ್ತ ಗೊಣಗಿದರು. "ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿ ಅಂದ ಹಾಗಾಯ್ತು."

ಸಲಹಾ ಕೇಂದ್ರದಲ್ಲಿದ್ದುದು ಎರಡು ಸಾವಿರದ ಮುನ್ನೂರು ಕಡತ. ಎಲ್ಲವೂ ಗೂಢಲಿಪಿಯಲ್ಲಿ, ಕಂಪ್ಯೂಟರಿನೊಳಗೆ. ಆಯಾ ಸಲಹೆಗಾರ್ತಿಯ ಕಾರ್ಡು ಇಲ್ಲದೆ ಒಂದೂ ತೆರೆಯುವುದಿಲ್ಲ. ನರ್ಸಿನ ಕಡತ ತೆರೆದದ್ದೆಲ್ಲ ಅವಳ ಸಲಹೆಗಾರ್ತಿಯ ಕಾರ್ಡಿನಿಂದಲೇ, ಅದರಲ್ಲಿ ಅನುಮಾನಕ್ಕೆಡೆಯಿಲ್ಲ ಎಂದಳು ಕೇಂದ್ರದ ತಂತ್ರಜ್ಞೆ.

"ಇಷ್ಟರಲ್ಲಿ ಬೇಕಾದ್ದನ್ನ ಹೇಗೆ ಹುಡುಕ್ತೀರಿ?"

"ಪದ ಹಾಕಿ ಹುಡುಕ್ತೀವಿ ಸರ್. ಪದ ಹಾಕಿದ ಕೂಡಲೇ ಅದು ಅರ್ಥವಿಲ್ಲದ ಅಕ್ಷರಗಳ ಗಂಟಾಗುತ್ತೆ. ಯಂತ್ರ ಆ ಗಂಟನ್ನೇ ಹುಡುಕಿ, ಎಷ್ಟು ಕಡತದಲ್ಲಿದೆ, ಯಾವುದರಲ್ಲಿದೆ ಅಷ್ಟೇ ಹೇಳುತ್ತೆ. ಪದ ಏನು ಅಂತ ಅದಕ್ಕೂ ಗೊತ್ತಿಲ್ಲ."

"ಯಾರು ಹುಡುಕಿದ್ರು ಅಂತ ಗೊತ್ತಾಗುತ್ತಾ?"

"ಯಾವ ಮೇಜಿಂದ, ಎಷ್ಟು ಹೊತ್ತಿಗೆ, ಅದಿದೆ. ಆದ್ರೆ ದಿನಕ್ಕೆ ನೂರಾರು ಗಂಟು. ಬಿಚ್ಚೋಕೆ ಬರಲ್ಲ."

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಒರೆಸಿದರು. "ಒಂದೇ ಪದಕ್ಕೆ ಯಾವತ್ತೂ ಒಂದೇ ಗಂಟಾ?"

"ಹೌದು."

"ಹಾಗಾದ್ರೆ ಬಿಚ್ಚೋದು ಬೇಡ. ಜೋಡಿ ನೋಡಿದ್ರೆ ಸಾಕು."

ಮಧ್ಯಾಹ್ನ 3.20ಕ್ಕೆ ನರ್ಸನ್ನು ಕರೆಸಿದರು. "ನಿಮ್ಮ ಕಡತವನ್ನ ಈ ಕಾಗದ ಬರೆದವನು ಯಾವುದೋ ಪದ ಹಾಕಿ ಹುಡುಕಿ ತೆಗೆದಿರಬೇಕು. ಬೇರೆಯವರು ಆಡಿರಲಾರದ, ನೀವು ಮಾತ್ರ ಆಡಿರಬಹುದಾದ ಪದಗಳನ್ನ ನೀವೇ ಒತ್ತಿ. ನಾವು ಗೋಡೆ ನೋಡ್ತಿರ್ತೀವಿ."

ಇನ್‌ಸ್ಪೆಕ್ಟರ್, ಮೀಸೆಯಣ್ಣ, ತಂತ್ರಜ್ಞೆ, ಪಂಚರಿಬ್ಬರು, ಐವರೂ ಗೋಡೆಗೆ ಮುಖಮಾಡಿ ನಿಂತರು. ಅವಳು ಮೊದಲ ಪದ ಒತ್ತಿ, ಅಳಿಸಿ, "ಆಯ್ತು" ಎಂದಳು. ತಂತ್ರಜ್ಞೆ ತಿರುಗಿ ನೋಡಿದಳು. ಅಂಥ ಗಂಟನ್ನು ಯಾರೂ ಹುಡುಕಿರಲಿಲ್ಲ. ಎರಡನೆಯದನ್ನೂ ಇಲ್ಲ.

ಮೂರನೆಯದಕ್ಕೆ ಅವಳು ಬಹಳ ಹೊತ್ತು ತೆಗೆದುಕೊಂಡಳು.

"ನಲವತ್ತೊಂದು ಸಲ," ಎಂದಳು ತಂತ್ರಜ್ಞೆ. "ಎಲ್ಲಾ ಒಂದೇ ಮೇಜಿಂದ, ಮಧ್ಯಾಹ್ನ ಒಂದರಿಂದ ಎರಡರೊಳಗೆ. ನಲವತ್ತು ಸಲ ಉತ್ತರ ಸೊನ್ನೆ. ಫೆಬ್ರವರಿ 26ಕ್ಕೆ ಒಂದು ಕಡತ, ಇವರದೇ."

"ಯಾರ ಮೇಜು?"

"ನಮ್ಮ ದಾಖಲೆ ಗುಮಾಸ್ತರದು."

ಕಾರ್ಡು ಕಟ್ಟಡದಿಂದ ಹೊರಗೆ ಹೋಗಬಾರದೆಂಬುದು ಕೇಂದ್ರದ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಊಟಕ್ಕೆ ಹೊರಡುವ ಸಲಹೆಗಾರ್ತಿಯರೆಲ್ಲ ಕಾರ್ಡನ್ನು ದಾಖಲೆ ಗುಮಾಸ್ತನ ಡ್ರಾಯರಿನಲ್ಲಿಟ್ಟು ನಿಶ್ಚಿಂತೆಯಿಂದ ಹೋಗುತ್ತಿದ್ದರು.

"ಬೀಗದ ಕೈಗಳನ್ನೆಲ್ಲ ಒಂದೇ ಗೂಟಕ್ಕೆ ನೇತು ಹಾಕಿದ್ದೀರಲ್ಲ ತಾಯಿ," ಎಂದರು ಮೀಸೆಯಣ್ಣ. ತಂತ್ರಜ್ಞೆ ತಲೆ ತಗ್ಗಿಸಿದಳು.

4.45ಕ್ಕೆ ಪಂಚನಾಮೆ ಮುಗಿಯಿತು. ಅದರಲ್ಲಿ "ಫಿರ್ಯಾದಿಯು ಒತ್ತಿದ ಮೂರನೆಯ ಪದ" ಎಂದಷ್ಟೇ ಬರೆಸಿದರು. ಗುಮಾಸ್ತ ಓಡಲಿಲ್ಲ. ಡ್ರಾಯರಿನಿಂದ ಆ ಬೆದರಿಕೆ ಕಾಗದದ ಕರಡು ತಾನೇ ತೆಗೆದುಕೊಟ್ಟ.

ಠಾಣೆಯಲ್ಲಿ ಪ್ರಶ್ನೆ ಶುರುವಾಯಿತು.

"ಸೊನ್ನೆ ಬಂದ್ರೂ ಯಾಕೆ ಹುಡುಕ್ತಿದ್ದೆ?"

"ನನ್ನ ಹೆಂಡತಿಯನ್ನ ನಾನು ಕರೀತಿದ್ದ ಹೆಸರು ಸರ್. ಕಾಯಿಲೆ ಇದ್ದಾಗ ಅವಳೂ ಕೇಂದ್ರಕ್ಕೆ ಬರ್ತಿದ್ದಳು. ಹೋದ ಮೇಲೆ ಕಡತ ಅಳಿಸಿಬಿಟ್ರು, ನಿಯಮ ಹಾಗಿದೆ. ಸುಮ್ಮನೆ ಹೆಸರು ಹಾಕಿ ನೋಡ್ತಿದ್ದೆ. ಇಲ್ಲ ಅಂತಿತ್ತು. ಒಂದು ದಿನ ಇದೆ ಅಂತು."

"ತೆರೆದು ಓದಿದೆ."

"ಓದಿದೆ. ಡಾಕ್ಟರು ಕೈಬಿಟ್ಟಿದ್ದಾರೆ ಅನ್ನೋದನ್ನ ನನ್ನ ಹೆಂಡತಿ, ವಾರ್ಡಿನಲ್ಲಿ ಅವಳನ್ನ ನೋಡಿಕೊಳ್ತಿದ್ದ ಈ ನರ್ಸು, ಇಬ್ಬರೂ ಸೇರಿ ಹನ್ನೊಂದು ದಿನ ನನ್ನಿಂದ ಮುಚ್ಚಿಟ್ರಂತೆ. ಯಾಕೆ ಅಂತ ಅದರಲ್ಲಿರಲಿಲ್ಲ."

"ಹೋಗಿ ಕೇಳಬಹುದಿತ್ತಲ್ಲಯ್ಯಾ."

"ಕೇಳಿದ್ರೆ ಓದಿದ್ದು ಗೊತ್ತಾಗ್ತಿತ್ತು." ಅವನು ಅಂಗೈ ನೋಡಿಕೊಂಡ. "ಹೆದರಿಸಿದ್ದು ತಪ್ಪೇ."

6.10ಕ್ಕೆ ಬಂಧನವನ್ನು ದಾಖಲಿಸಿ, ಹೊರಗೆ ಬೆಂಚಿನಲ್ಲಿದ್ದ ನರ್ಸಿಗೆ ವಿಷಯ ತಿಳಿಸಿದರು. ಅವಳು ಎದ್ದು ನಿಂತು, "ಐದು ನಿಮಿಷ ಅವನ ಹತ್ರ ಮಾತಾಡಬಹುದಾ ಸರ್?" ಎಂದಳು.

"ಇಂಥದಕ್ಕೆ ಅವಕಾಶ ಇಲ್ಲ." ಆದರೂ ಇನ್‌ಸ್ಪೆಕ್ಟರ್ ಅವಳನ್ನು ಗುಮಾಸ್ತನಿದ್ದ ಕೋಣೆಯೊಳಗೆ ಬಿಟ್ಟು, ಮೀಸೆಯಣ್ಣನನ್ನು ಗಾಜಿನ ಬಾಗಿಲ ಹೊರಗೆ ನಿಲ್ಲಿಸಿ, ಬಾಗಿಲೆಳೆದುಕೊಂಡರು. ಒಳಗಿನ ಮಾತು ಕೇಳಿಸಲಿಲ್ಲ. ಗುಮಾಸ್ತ ಒಮ್ಮೆ ಮುಖ ಮುಚ್ಚಿಕೊಂಡದ್ದು ಕಾಣಿಸಿತು.

ಹೊರಬಂದ ನರ್ಸ್ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೂರು ಹಾಗೇ ಇರಲಿ ಸರ್. ಮೂರು ರಾತ್ರಿ ನಿದ್ದೆಗೆಡಿಸಿದ್ದಾನೆ. ಓದದೆ ಬಿಟ್ರಲ್ಲ, ನಿಮ್ಮ ಉಪಕಾರ ದೊಡ್ಡದು."

ಲಾಕಪ್ಪಿನ ಕಡೆಗೆ ನಡೆಯುತ್ತಿದ್ದ ಗುಮಾಸ್ತ ಇನ್‌ಸ್ಪೆಕ್ಟರ್ ಎದುರು ನಿಂತ. ಯಾರೂ ಕೇಳದಿದ್ದರೂ ಹೇಳಿದ:

"ಆ ಹನ್ನೊಂದು ದಿನ ನಾನು ವಾಸಿಯಾಗುತ್ತೆ ಅಂದ್ಕೊಂಡು ನಗ್ತಾ ವಾರ್ಡಿಗೆ ಹೋಗ್ತಿದ್ದೆ ಸರ್. ಆ ನಗು ಇನ್ನೊಂದಿಷ್ಟು ದಿನ ನೋಡಬೇಕು ಅಂದಳಂತೆ ನನ್ನ ಹೆಂಡತಿ. ಅದಕ್ಕೇ ಮುಚ್ಚಿಟ್ಟಿದ್ದಂತೆ." ಕೈ ಮುಗಿದ. "ಆಯಮ್ಮನಿಗೆ ಇನ್ನೊಂದು ಸಲ ಹೇಳಿ, ಬಹಳ ಉಪಕಾರ ಆಯ್ತು ಅಂತ."

"ಹೇಳ್ತೀನಿ," ಎಂದರು ಇನ್‌ಸ್ಪೆಕ್ಟರ್. ಮೀಸೆಯಣ್ಣ ಬೀಗ ತೆಗೆದರು.