ಹೆಜ್ಜಾರ್ಲೆಯ ಹಿಂದಿನ ಕೈ

“ನನ್ನ ಹಕ್ಕೀನ ಡಿಲೀಟ್ ಮಾಡೋರು ನೀವೇನಾ?”

ನರೇಂದ್ರ ಕುರ್ಚಿ ತಿರುಗಿಸಿ ನೋಡಿದ. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕಂಕುಳಲ್ಲಿ ಹಳೇ ಸೀರೆ ಸುತ್ತಿದ, ಮೂರು ವರ್ಷದ ಮಗುವಿನಷ್ಟು ದೊಡ್ಡ ಗಂಟು. ಗಂಟಿನ ತುದಿಯಿಂದ ಒಂದು ಗೇಣುದ್ದದ ಕೊಕ್ಕು ಇಣುಕುತ್ತಿತ್ತು. ಯಲಹಂಕದಿಂದ ಸಹಕಾರನಗರದವರೆಗೂ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೇ ಬಂದಿದ್ದಳಂತೆ. ಇದಕ್ಕೂ ಟಿಕೆಟ್ ಹರಿಯಬೇಕೋ ಬೇಡವೋ ಎಂದು ಕಂಡಕ್ಟರು ಬಹಳ ಹೊತ್ತು ಯೋಚಿಸಿ ಸುಮ್ಮನಾದನಂತೆ.

ಉತ್ತರ ಕೊಡಬೇಕಾದವನು ಅವಳ ಮುಖ ಬಿಟ್ಟು ಬಲಗೈ ನೋಡುತ್ತಿದ್ದ. ಹೆಬ್ಬೆರಳಿನ ಬುಡದಲ್ಲಿ ಹುಣಸೆ ಬೀಜದಷ್ಟು ಸುಟ್ಟ ಕಲೆ. ಮಣಿಕಟ್ಟಿಗೆ ಕಪ್ಪು ದಾರ. ಈ ಕೈ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ದಿನದಿಂದ ಮಾನಿಟರಿನಲ್ಲಿ ಅವನು ನೋಡುತ್ತಿದ್ದುದು ಇದೊಂದನ್ನೇ. ಇದಕ್ಕೊಂದು ಮುಖವಿರುತ್ತದೆ, ಆ ಮುಖದಲ್ಲಿ ಇಷ್ಟೊಂದು ಕೋಪವಿರುತ್ತದೆ ಎಂದು ಮಾತ್ರ ಅವನು ಎಣಿಸಿರಲಿಲ್ಲ.

ವಿಷಯ ಇಷ್ಟು. ನರೇಂದ್ರನ ಗೆಳೆಯ ಮುನೀಂದ್ರ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಒಂದು ಸಣ್ಣ ಸಿನಿಮಾ ಮಾಡುತ್ತಿದ್ದ. ಕೆರೆ ಕಾಯುವ ಮುದುಕನೊಬ್ಬ ರೆಕ್ಕೆ ಮುರಿದ ಹೆಜ್ಜಾರ್ಲೆಯನ್ನು, ಅಂದರೆ ಪೆಲಿಕನ್ ಹಕ್ಕಿಯನ್ನು, ಸಾಕುವ ಕಥೆ. ನಿಜವಾದ ಹಕ್ಕಿಯನ್ನು ಹಿಡಿದು ತಂದು ನಟನೆ ಮಾಡಿಸಲು ಕಾನೂನು ಬಿಡುವುದಿಲ್ಲ. ಹಾಗಾಗಿ ಗೊಂಬೆ ಮಾಡಿಸಿದ. ಮಾಡಿದವಳು ಬಾಗಿಲಲ್ಲಿ ನಿಂತಿದ್ದ ಈ ಶಶಿರೇಖಾ. ಶೂಟಿಂಗ್ ದಿನ ಸೊಂಟದ ಮಟ್ಟದ ನೀರಿನಲ್ಲಿ, ಜೊಂಡಿನ ಮರೆಯಲ್ಲಿ ಕೂತು, ಕೊರಳ ಕೆಳಗಿನ ಸರಳು ಹಿಡಿದು ಹಕ್ಕಿಯನ್ನು ಆಡಿಸಿದವಳೂ ಅವಳೇ. ಕೊನೆಯಲ್ಲಿ ಹಕ್ಕಿ ಮುದುಕನ ತೊಡೆಯ ಮೇಲೆ ಕೊರಳಿಡುವ ಹದಿನಾಲ್ಕು ಸೆಕೆಂಡಿನ ಶಾಟ್ ಒಂದಿತ್ತು. ಅದರ ಉದ್ದಕ್ಕೂ ಅವಳ ಕೈ ಕಾಣುತ್ತಿತ್ತು.

ಅಷ್ಟರಲ್ಲಿ ನಿರ್ಮಾಪಕಿ ಕಲಾವತಿಯವರು ಗೊಂಬೆ ಗಿಂಬೆ ಬೇಡ, ಜನ ನಗುತ್ತಾರೆ ಎಂದುಬಿಟ್ಟಿದ್ದರು. ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮಂಡಿ ನಡೆಸುವ ಹೆಂಗಸು. ಮೂಟೆ ಬಿಚ್ಚದೆಯೇ ಒಳಗೆ ಕೊಳೆತದ್ದೆಷ್ಟು ಎಂದು ಹೇಳಬಲ್ಲವರು. ಅವರ ಕಣ್ಣಿಗೆ ಮಣ್ಣೆರಚುವುದು ತನ್ನಿಂದಾಗದು ಎಂದು ಹೆದರಿದ ಮುನೀಂದ್ರ, ಹಕ್ಕಿಯನ್ನೂ ಕೈಯನ್ನೂ ಒಟ್ಟಿಗೆ ಅಳಿಸಿ ಆ ಜಾಗದಲ್ಲಿ ಗ್ರಾಫಿಕ್ಸ್ ಹಕ್ಕಿ ಕೂರಿಸುವ ಕೆಲಸವನ್ನು ನರೇಂದ್ರನಿಗೆ ವಹಿಸಿದ್ದ. ಶಶಿರೇಖಾಳ ಆರು ತಿಂಗಳ ಶ್ರಮ, ಮೊದಲ ಸಿನಿಮಾ, ಟೈಟಲ್ಲಿನಲ್ಲಿ ಬರಬೇಕಿದ್ದ ಹೆಸರು, ಎಲ್ಲವೂ ಈಗ ಅವನ ಮೌಸಿನ ತುದಿಯಲ್ಲಿದ್ದವು.

“ಎಲ್ಲಿ, ನಿಮ್ಮ ಹಕ್ಕಿ ತೋರ್ಸಿ,” ಎಂದಳು ಅವಳು.

ಅವನು ತೋರಿಸಿದ. ಪರದೆಯ ಹಕ್ಕಿ ಕತ್ತು ತಿರುಗಿಸಿತು, ರೆಕ್ಕೆ ಒದರಿತು, ಗರಿಗಳು ಒಂದೊಂದೂ ಗಾಳಿಗೆ ಅಲುಗಿದವು. ಆರು ವರ್ಷದಲ್ಲಿ ಕಲಿತದ್ದನ್ನೆಲ್ಲ ಅದರ ಮೇಲೆ ಸುರಿದಿದ್ದ ನರೇಂದ್ರ ಹೊಗಳಿಕೆಗೆ ಕಾದು ಕೂತ.

“ಚೆನ್ನಾಗಿದೆ. ಆದ್ರೆ ಇದಕ್ಕೆ ಹಸಿವೇ ಇಲ್ವಲ್ರೀ.”

ಮಾತು ನಿಜವಾಗಿತ್ತು, ಅದಕ್ಕೇ ಅವನಿಗೆ ರೇಗಿತು. ಅವಳು ಅದನ್ನು ಲೆಕ್ಕಿಸದೆ ತನ್ನ ಗಂಟು ಬಿಚ್ಚಿದಳು. ಖುರ್ಷೀದ್ ಭಾಯ್ ಕೋಳಿ ಅಂಗಡಿಯ ಪುಕ್ಕವನ್ನು ಸೀಗೇಕಾಯಿಯಲ್ಲಿ ತೊಳೆದು ಅಂಟಿಸಿದ ಮೈ, ಛತ್ರಿ ಕಡ್ಡಿಯ ರೆಕ್ಕೆ, ಸೈಕಲ್ಲಿನ ಬ್ರೇಕ್ ವಯರಿನಿಂದ ತೆರೆಯುವ ಕೊಕ್ಕು, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಬಣ್ಣ ಬರಿಸಿದ ರಬ್ಬರ್ ಗ್ಲೌಸಿನ ಗಂಟಲ ಚೀಲ. ಬಿಡಿಬಿಡಿಯಾಗಿ ನೋಡಿದರೆ ಗುಜರಿ ಅಂಗಡಿಯ ಸಾಮಾನು. ಆದರೆ ಅವಳ ಕೈ ಕೊರಳ ಕೆಳಗಿನ ಸರಳು ಹಿಡಿದದ್ದೇ ತಡ, ಹಕ್ಕಿ ಕತ್ತು ಓರೆ ಮಾಡಿ ನರೇಂದ್ರನನ್ನು ಮೇಲಿಂದ ಕೆಳಗೆ ಅಳೆಯಿತು. ಮೇಜಿನ ಮೇಲಿದ್ದ ಬಿಸ್ಕತ್ತನ್ನು ಕಂಡಿತು. ಮತ್ತೊಮ್ಮೆ ಅವನನ್ನು ನೋಡಿ, ಇವನನ್ನೇನು ಕೇಳುವುದು ಎನ್ನುವಂತೆ ಅದನ್ನು ಎತ್ತಿ ನುಂಗಿತು.

ನರೇಂದ್ರ ನಕ್ಕುಬಿಟ್ಟ. ಹಕ್ಕಿಯ ತಲೆಯ ಹಿಂದೆ ಅವಳೂ ನಗುತ್ತಿದ್ದಳು. ಅವನು ನೋಡಿದೊಡನೆ ನಗುವನ್ನು ತುಟಿಯಲ್ಲೇ ಅದುಮಿ ಕೋಪದ ಮುಖ ಹಾಕಿಕೊಂಡಳು. ಎಷ್ಟು ಬೇಗ ಹಾಕಿಕೊಂಡರೂ ಎಡಗೆನ್ನೆಯ ಗುಳಿಯೊಂದು ಹಿಂದೆ ಉಳಿದುಬಿಟ್ಟಿತ್ತು.

ಹಸಿವು ಎಂದರೇನು ಎಂದು ನೋಡಬೇಕಿದ್ದರೆ ನಾಳೆ ಬೆಳಿಗ್ಗೆ ಆರಕ್ಕೆ ಯಲಹಂಕ ಕೆರೆ ಏರಿಗೆ ಬನ್ನಿ ಎಂದು ಹೇಳಿ ಹೊರಟಳು. ಎಂಟಕ್ಕೆ ಮೊದಲು ಸೂರ್ಯನ ಮುಖ ನೋಡಿದವನಲ್ಲ ನರೇಂದ್ರ. ಮಾರನೇ ದಿನ ಐದೂಮುಕ್ಕಾಲಿಗೇ ಏರಿಯ ಮೇಲಿದ್ದ.

ನೀರಿನಲ್ಲಿ ಐದಾರು ಹೆಜ್ಜಾರ್ಲೆಗಳಿದ್ದವು. ಕತ್ತು ತಿರುಗಿಸುವ ಮೊದಲು ಹಕ್ಕಿಯ ಭಾರ ಆ ಕಡೆಗೆ ವಾಲುತ್ತದೆ, ಮೈ ನೀರಿನಲ್ಲಿ ಒಂದು ಬೆರಳಷ್ಟು ಮುಳುಗುತ್ತದೆ, ಆಮೇಲೇ ಕತ್ತು ಎಂದು ಅವಳು ವಿವರಿಸಿದಳು. ಇದನ್ನು ಕಂಡುಕೊಳ್ಳಲು ಎರಡು ತಿಂಗಳು ದಿನವೂ ಬಂದು ಕೂತಿದ್ದಳಂತೆ. ಹೇಳುತ್ತಿರುವಾಗ ಅವಳ ಕಣ್ಣು ಹಕ್ಕಿಯ ಮೇಲೇ ಇತ್ತು. ಅಲ್ಲಿ ಹಕ್ಕಿ ತಿರುಗಿದಂತೆಲ್ಲ ಇಲ್ಲಿ ಅವಳ ಮಣಿಕಟ್ಟೂ ತಾನಾಗಿಯೇ ತಿರುಗುತ್ತಿತ್ತು. ನರೇಂದ್ರ ಹಕ್ಕಿ ನೋಡುವುದನ್ನು ಮರೆತ.

“ಹಕ್ಕಿ ಅಲ್ಲಿದೆ ಸಾರ್.”

“ಗೊತ್ತು.”

“ಮತ್ತೆ?”

ಅವನು ಕೆರೆಯ ಕಡೆ ತಿರುಗಿದ. ಕಿವಿಗಳೆರಡೂ ಬಿಸಿಯಾಗಿದ್ದವು.

ಏರಿಯಿಂದ ಇಳಿದು ಅವಳು ಅವನನ್ನು ಹಳೇ ಯಲಹಂಕದ ತನ್ನ ಮನೆಗೆ ಕರೆದೊಯ್ದಳು. ಹಿತ್ತಲ ಶೆಡ್ಡಿನ ತುಂಬ ಪೌರಾಣಿಕ ನಾಟಕಗಳಿಗೆ ಬಾಡಿಗೆಗೆ ಹೋಗುವ ಅರಮನೆ, ಕಾಡು, ಕೈಲಾಸದ ಪರದೆಗಳು. ಮೂಲೆಯಲ್ಲಿ ರಾವಣನ ಒಂಬತ್ತು ತಲೆ, ಕಾಗದದ ಗದೆ. ಅವಳ ತಂದೆ ಶ್ರೀರಾಮಪ್ಪ ಸುತ್ತಲ ಹಳ್ಳಿಗಳಿಗೆಲ್ಲ ‘ಸೀನರಿ ಶ್ರೀರಾಮಪ್ಪ’. ಹನುಮಂತನನ್ನು ರಂಗದ ಮೇಲೆ ಹಾರಿಸಿದಾಗ ಜನ ಎದ್ದು ಕೈ ಮುಗಿದ ಕಥೆಯನ್ನು ಅವರು ನರೇಂದ್ರನಿಗೆ ಹೇಳಿದರು. ಇನ್ನೊಂದು ಊರಿನಲ್ಲಿ ಹಗ್ಗ ಬೆಳಕಿಗೆ ಮಿಂಚಿ, ಜನ ಶಿಳ್ಳೆ ಹೊಡೆದು, ನಾಚಿಕೆಯಿಂದ ಮೂರು ವರ್ಷ ಆ ಊರಿನ ಕಡೆ ತಲೆ ಹಾಕದ ಕಥೆಯನ್ನೂ ಮುಚ್ಚಿಡದೆ ಹೇಳಿದರು.

“ದಾರ ಕಾಣ್ಬಾರ್ದು ಕಣಪ್ಪ. ಕಂಡ್ರೆ ಮಾನ ಓಯ್ತು. ನಮ್ ಕಾಲ್ದಾಗೆ ದಾರಕ್ಕೆ ಮಸಿ ಬಳೀತಿದ್ವಿ, ನೀನು ಕಂಪ್ಯೂಟ್ರಲ್ಲಿ ಬಳೀತೀಯ. ಇಬ್ರುದ್ದೂ ಒಂದೇ ಕಸ್ಬು ಬಿಡು.”

ಕೇಬಲ್ಲು, ಫ್ಲೆಕ್ಸು, ಮೊಬೈಲ್ ಟವರ್ ಎಂದು ಪರರ ಸಿನಿಮಾಗಳಲ್ಲಿ ಬೇಡವಾದದ್ದನ್ನೆಲ್ಲ ಆರು ವರ್ಷ ಅಳಿಸಿದ ನರೇಂದ್ರನಿಗೆ, ತನ್ನದೊಂದು ಕಸುಬು ಎಂದು ಯಾರೂ ಹೇಳಿರಲಿಲ್ಲ. ಅವನಿಗೆ ಎದೆ ತುಂಬಿಬಂತು. ಅಂದೇ ಮುನೀಂದ್ರನಿಗೆ ಫೋನ್ ಮಾಡಿ, ಗೊಂಬೆ ಇರಲಿ, ಕೈ ಮಾತ್ರ ಅಳಿಸುತ್ತೇನೆ ಎಂದ. ಮುದುಕನ ಪಾತ್ರಧಾರಿಯ ಕಣ್ಣಲ್ಲಿ ನೀರು ಬಂದದ್ದು ಆ ಕೋಳಿಪುಕ್ಕವನ್ನು ಮುಟ್ಟಿಯೇ, ನನ್ನ ಗ್ರಾಫಿಕ್ಸ್ ಹಕ್ಕಿಯನ್ನು ಅವರು ಮುಟ್ಟುವುದೆಲ್ಲಿಂದ ಎಂದು ವಾದಿಸಿದ.

ಮುನೀಂದ್ರ, “ಮಗಾ, ಮೇಡಂ ಕಣ್ಣಿಗೆ ಗೊಂಬೆ ಅಂತ ಬಿತ್ತೋ, ಹಕ್ಕೀನೂ ಹೋಗುತ್ತೆ, ಆ ಹುಡುಗಿ ಹೆಸ್ರೂ ಹೋಗುತ್ತೆ. ಆಮೇಲೆ ನನ್ನ ಬೈಬೇಡ,” ಎಂದ. ಮೇಡಂಗೆ ಏನೂ ಹೇಳದೆ, ಮುಂದಿನ ತಿಂಗಳ ಮೊದಲ ಶುಕ್ರವಾರ ತೋರಿಸುವುದೆಂದು ನಿಶ್ಚಯವಾಯಿತು.

ಹದಿನಾಲ್ಕು ಸೆಕೆಂಡಿಗೆ ಮುನ್ನೂರ ಮೂವತ್ತಾರು ಫ್ರೇಮ್. ಒಂದೊಂದರಲ್ಲೂ ಕೈ ತೆಗೆದು, ಆ ಜಾಗಕ್ಕೆ ನೀರು ಜೊಂಡುಗಳನ್ನು ಬೇರೆ ಕಡೆಯಿಂದ ತಂದು ತೇಪೆ ಹಾಕಬೇಕು. ತೇಪೆ ಎಂದು ಗೊತ್ತಾಗಲೂಬಾರದು. ಪ್ರೀತಿಸಿದವಳ ಕೈ ಹಿಡಿಯಲು ಎಲ್ಲರೂ ಹಂಬಲಿಸಿದರೆ, ಅದನ್ನು ದಿನಕ್ಕೆ ಇಪ್ಪತ್ತು ಸಲ ಅಳಿಸುವ ಕರ್ಮ ಇವನೊಬ್ಬನದಾಯಿತು. ಹೌದು, ಅವನಿಗೆ ಅವಳ ಮೇಲೆ ಮನಸ್ಸಾಗಿತ್ತು. ಕೆರೆ ಏರಿಯ ಮೇಲೆಯೇ ಆಗಿತ್ತು, ಒಪ್ಪಿಕೊಳ್ಳಲು ನೂರು ಫ್ರೇಮ್ ಹಿಡಿಯಿತು ಅಷ್ಟೆ.

ಅವಳು ದಿನ ಬಿಟ್ಟು ದಿನ ಬರುತ್ತಿದ್ದಳು. ಅವನ ಎಡಗಡೆ ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು, ಕಡಲೆಪುರಿ ತಿನ್ನುತ್ತ, ಅಲ್ಲಿ ನೀರು ಅಲುಗುತ್ತಿಲ್ಲ, ಇಲ್ಲಿ ಜೊಂಡಿನ ನೆರಳು ತಪ್ಪಿದೆ ಎಂದು ತಪ್ಪು ಹುಡುಕುತ್ತಿದ್ದಳು. ಅವಳು ಹುಡುಕಿದ ತಪ್ಪುಗಳೆಲ್ಲ ನಿಜವಾದ ತಪ್ಪುಗಳೇ ಆಗಿರುತ್ತಿದ್ದವು. ಅವನು ಗೊಣಗುತ್ತ ಸರಿಪಡಿಸುತ್ತಿದ್ದ, ಸರಿಯಾದ ಮೇಲೆ ಇಬ್ಬರೂ ಹಿಗ್ಗುತ್ತಿದ್ದರು.

“ಎಲ್ಲೀವರೆಗೆ ಅಳಿಸಿದ್ರಿ?” ಎಂದು ಒಂದು ದಿನ ಕೇಳಿದಳು.

“ಮಣಿಕಟ್ಟಿನವರೆಗೆ.”

“ಕಪ್ಪು ದಾರಾನೂ ಹೋಯ್ತಾ? ದೃಷ್ಟಿ ಆಗ್ದಿರ್ಲಿ ಅಂತ ಅಪ್ಪ ಕಟ್ಟಿದ್ದು.”

“ದೃಷ್ಟಿ ಆಗ್ಲೇ ಆಗಿದೆ ಬಿಡಿ.”

ಕಡಲೆಪುರಿ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಅವಳು ಅವನ ಕಡೆ ಪೂರ್ತಿ ತಿರುಗದೆ, ಕಣ್ಣಿನ ಕೊನೆಯಲ್ಲಿ ಒಮ್ಮೆ ನೋಡಿದಳು. ಗುಳಿ ಬಿತ್ತು, ಮುಚ್ಚಿತು.

“ಫ್ರೇಮ್ ನೋಡಿ,” ಎಂದಳು.

ಕೊನೆಗೆ ಎಂಟು ಫ್ರೇಮ್ ಉಳಿದವು. ಹಕ್ಕಿ ಮುದುಕನ ತೊಡೆಯ ಮೇಲೆ ಕೊರಳಿಟ್ಟಾಗಿತ್ತು. ಮುನೀಂದ್ರ ಇನ್ನೂ ಕಟ್ ಹೇಳಿರಲಿಲ್ಲ. ಆ ಗಳಿಗೆಯಲ್ಲಿ ಅವಳ ಎರಡು ಬೆರಳು, ಚೆನ್ನಾಗಿ ಆಡಿದೆ ಎನ್ನುವಂತೆ, ಗರಿಗಳ ನಡುವೆ ಹಕ್ಕಿಯ ಕೊರಳನ್ನು ಮೆಲ್ಲಗೆ ಸವರಿದ್ದವು. ಅದನ್ನು ಅಳಿಸಲು ನರೇಂದ್ರನಿಗೆ ಕೈ ಬರಲಿಲ್ಲ. ಸೆಕೆಂಡಿನ ಮೂರನೇ ಒಂದು ಭಾಗ, ಯಾರಿಗೆ ಕಾಣುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾಗೇ ಬಿಟ್ಟ.

ಶುಕ್ರವಾರ ಬೆಳಿಗ್ಗೆ ಆರ್.ಟಿ. ನಗರದ ಸಣ್ಣ ಪ್ರಿವ್ಯೂ ಥಿಯೇಟರಿನಲ್ಲಿ ಸಿನಿಮಾ ನಡೆಯಿತು. ಶ್ರೀರಾಮಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಮಗಳ ಪಕ್ಕ ಕೂತರು. ಕೊನೆಯ ಶಾಟ್ ಬಂದಾಗ ಮುನೀಂದ್ರ ಉಗುರು ಕಚ್ಚುತ್ತಿದ್ದ. ಹಕ್ಕಿ ಕೊರಳಿಟ್ಟಿತು, ಪರದೆ ಕಪ್ಪಾಯಿತು, ದೀಪ ಹತ್ತಿತು.

ಕಲಾವತಿಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ನಿಂತವರೇ ಮುನೀಂದ್ರನನ್ನು ತರಾಟೆಗೆ ತೆಗೆದುಕೊಂಡರು. “ಗ್ರಾಫಿಕ್ಸ್ ಅಂತ ಹೇಳಿ ನಿಜವಾದ ಹಕ್ಕೀನೇ ತಂದು ಕಟ್ಟಾಕಿದ್ದೀರಲ್ಲ. ಫಾರೆಸ್ಟ್‌ನೋರು ಬಂದ್ರೆ ಏನಪ್ಪಾ ಹೇಳೋದು ನಾನು?”

ಮುನೀಂದ್ರ ನಗಲು ಶುರುಮಾಡಿದ, ನಿಲ್ಲಿಸಲಾಗಲಿಲ್ಲ. ಶ್ರೀರಾಮಪ್ಪ ಎದ್ದು, ಎದೆ ಒಂದು ಗೇಣು ಮುಂದೆ ಮಾಡಿಕೊಂಡು, ನರೇಂದ್ರನ ಹೆಗಲ ಮೇಲೆ ಕೈ ಇಟ್ಟರು. “ದಾರ ಕಾಣ್ಲಿಲ್ಲ ಕಣಪ್ಪ,” ಎಂದರು.

ಶಶಿರೇಖಾ ಮಾತ್ರ ಎದ್ದು ಹೊರಗೆ ಹೋದಳು. ನರೇಂದ್ರ ಹಿಂದೆಯೇ ಹೋದ. ಅವಳು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು.

“ಕೈ ಕಾಣ್ತು.”

ಸುಳ್ಳು ಹೇಳುವ ಧೈರ್ಯ ಅವನಿಗಾಗಲಿಲ್ಲ. “ಎಂಟು ಫ್ರೇಮ್. ಬೇಕಂತಲೇ ಬಿಟ್ಟೆ. ಅಷ್ಟೂ ಅಳಿಸಿದ್ಮೇಲೆ ನಿಮ್ಮದು ಅಂತ ಅದ್ರಲ್ಲಿ ಏನೂ ಉಳಿಯಲ್ಲ ಅನ್ನಿಸ್ತು.”

“ಏನೂ ಉಳಿಯಲ್ವಾ? ಹಕ್ಕಿ ಪೂರ್ತಿ ನಂದೇ ಅಲ್ವೇನ್ರೀ?” ಅವಳು ಗೋಡೆ ಬಿಟ್ಟು ಮುಂದೆ ಬಂದಳು. “ಆಯಮ್ಮ ಫಾರೆಸ್ಟ್‌ನೋರಿಗೆ ಹೆದರ್ಕೊಂಡ್ರಲ್ಲ, ಅದೇ ನಂಗೆ ಸಿಕ್ಕ ಹೆಸ್ರು. ಅವ್ರಿಗೇನಾದ್ರೂ ಈ ಬೆರಳು ಕಂಡಿದ್ರೆ ಅದೂ ಹೋಗ್ತಿತ್ತು. ಅಪ್ಪ ಒಳಗೆ ಕಣ್ಣಲ್ಲಿ ನೀರಿಟ್ಕೊಂಡು ನಿಂತಿದ್ದಾರೆ. ನಾನು ಅವ್ರ ಮುಖ ಹೆಂಗೆ ನೋಡ್ಲಿ?”

ನರೇಂದ್ರನಿಗೆ ಆಗ ಅರ್ಥವಾಯಿತು. ಅವಳಿಗೆ ಗೌರವ ಕೊಡುತ್ತಿದ್ದೇನೆಂದು ತಿಳಿದು, ಅವಳ ಮಾನವನ್ನೇ ಪಣಕ್ಕಿಟ್ಟಿದ್ದ. ತಪ್ಪಾಯಿತು ಎಂದ. ಆಮೇಲೆ, ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲವೆಂದು, “ಆ ಕೈ ಮೇಲೆ ಮನಸ್ಸಾಗಿದೆ ಶಶಿ. ಅಳಿಸೋಕೆ ಆಗ್ಲಿಲ್ಲ,” ಎಂದ.

ಅವಳು ಮೆಟ್ಟಿಲ ಕಡೆ ತಲೆ ತಗ್ಗಿಸಿದಳು. ತಲೆ ಎತ್ತಿದಾಗ ಕೋಪ ಇನ್ನೂ ಇತ್ತು. ಗುಳಿಯೂ ಇತ್ತು.

“ಕೈ ಹಿಡಿಯೋ ಆಸೆ ಇದ್ರೆ ಮನೆಗೆ ಬಂದು ಅಪ್ಪನ್ನ ಕೇಳ್ಬೇಕು. ಸಿನಿಮಾದಲ್ಲಿ ಕದ್ದಿಡ್ತಾರಾ ಯಾರಾದ್ರೂ?”

“ಕೇಳಿದ್ರೆ ಕೊಡ್ತಾರಾ?”

“ದಾರ ಕಾಣ್ಲಿಲ್ಲ ಅಂತ ಹೇಳಿದ್ದಾರೆ. ಮೊದ್ಲು ಆ ಮಾತನ್ನ ನಿಜ ಮಾಡಿ, ಆಮೇಲೆ ಕೇಳಿ.”

ಅಂದೇ ಮಧ್ಯಾಹ್ನ ಇಬ್ಬರೂ ಸಹಕಾರನಗರದ ಕೋಣೆಯಲ್ಲಿದ್ದರು. ಅವಳು ಎಡಗಡೆ ಸ್ಟೂಲ್ ಎಳೆದುಕೊಂಡಳು. ಕಡಲೆಪುರಿ ಇರಲಿಲ್ಲ, ಹಾಗಾಗಿ ಬಲಗೈ ಖಾಲಿ ಇತ್ತು. ಸ್ವಲ್ಪ ಹೊತ್ತಿಗೆ ಅದೂ ಖಾಲಿ ಉಳಿಯಲಿಲ್ಲ. ಒಂದು, ಎರಡು ಎಂದು ಏಳು ಫ್ರೇಮ್ ಮುಗಿದವು. ಎಂಟನೆಯದರಲ್ಲಿ, ಗರಿಗಳ ನಡುವಿನ ಆ ಎರಡು ಬೆರಳ ಮೇಲೆ ಬಂದು ಅವನ ಮೌಸ್ ನಿಂತಿತು.

“ಅಳಿಸು,” ಎಂದಳು ಅವಳು. ಮೊದಲ ಸಲ ಏಕವಚನದಲ್ಲಿ.

ಅವನು ಅಳಿಸಿದ. ಪರದೆಯ ಮೇಲೆ ಹಕ್ಕಿಯೊಂದೇ ಉಳಿಯಿತು. ಎಂಟು ಫ್ರೇಮಿನ ಕೆಲಸಕ್ಕೆ ಸಂಜೆಯವರೆಗೂ ಹಿಡಿಯಿತು, ಏಕೆಂದರೆ ಅವನ ಎಡಗೈಗೆ ಬಿಡುವಿರಲಿಲ್ಲ.