ಚಕ್ರಪಾಣಿ ಇಳಿಸಿದ ಹಾಡುಗಳು

2006ರ ಆಷಾಢದಲ್ಲಿ, ವಿಜಯನಗರದ ಒಂದು ಸೈಬರ್ ಕೆಫೆಯಲ್ಲಿ, ಮನುಕುಲ ಗಮನಿಸಲೇಬೇಕಾದ ಘಟನೆಯೊಂದು ನಡೆಯಿತು: ವೆಬ್‌ಸೈಟಿನಿಂದ ಫೈಲುಗಳನ್ನು ತಾನಾಗಿ ಇಳಿಸುವ ಸ್ಕ್ರಿಪ್ಟೊಂದನ್ನು ಕೆಫೆಯ ಮಾಲೀಕ ಚಕ್ರಪಾಣಿ ಬರೆದ. ಮನುಕುಲ ಗಮನಿಸಲಿಲ್ಲವಾದ್ದರಿಂದ ಬಂದವರಿಗೆಲ್ಲ ಅವನೇ ಹೇಳಿದ.

ಬರೆದದ್ದು ನೀಲಾಂಬಿಕಾಳಿಗಾಗಿ. ಕೊಪ್ಪಳದ ಕಡೆಯವಳು, ಹೆಂಗಸರು ಬೀಸುವಾಗ ಹಾಡುವ ಬೀಸುವ ಪದಗಳ ಮೇಲೆ ಎಂ.ಫಿಲ್. ಮಾಡುತ್ತಿದ್ದಳು. ನಿವೃತ್ತ ಮೇಷ್ಟ್ರೊಬ್ಬರು ಆ ಹಾಡುಗಳನ್ನು ಟೈಪ್ ಮಾಡಿ ಹಾಕಿದ್ದ ವೆಬ್‌ಸೈಟು ಬರುವ ಭಾನುವಾರ ಶಾಶ್ವತವಾಗಿ ಮುಚ್ಚಲಿತ್ತು. ಹಾಡಿಲ್ಲದೆ ಎಂ.ಫಿಲ್. ಇಲ್ಲ.

"ಒಂದೊಂದೇ ಯಾಕೆ ಕ್ಲಿಕ್ ಮಾಡ್ತೀರಾ ಮೇಡಂ? ನನ್ ಸ್ಕ್ರಿಪ್ಟ್ ಎಲ್ಲಾ ಒಟ್ಟಿಗೇ ಎಳ್ಕೊಂಡ್ ಬರುತ್ತೆ," ಎಂದು ಕೂದಲು ಸರಿಮಾಡಿಕೊಂಡ. ಸರಿಮಾಡುವಷ್ಟು ಕೂದಲಿರಲಿಲ್ಲ.

ಇನ್ನೂರು ಫೈಲು ಬಂದವು. ಸಿ.ಡಿ.ಗೆ ಹಾಕಿ, ಹೂ ಕೊಡುವವನಂತೆ ಚಾಚಿದ.

ಮರುದಿನ ಅವಳು ಸಿ.ಡಿ.ಯನ್ನು ತಂದು ಮೇಜಿನ ಮೇಲಿಟ್ಟಳು. ಕಣ್ಣಂಚಿನಲ್ಲಿ ನಗೆಯಿತ್ತು. ಅವನು ಅದನ್ನು ಪ್ರೇಮವೆಂದು ತಿಳಿದ.

"ಎಲ್ಲಾ ಫೈಲೂ ಒಂದ ಸೈಜ್ ಅದಾವ್ರೀ. ತೆರದ್ ನೋಡೀರೇನು?"

"ಎಣಿಸಿದೆ."

"ಎಲ್ಲಾದ್ರಾಗೂ ಒಂದ ಮಾತೈತಿ: ಸರ್ವರ್ ಬಿಜಿ, ಆಮ್ಯಾಲೆ ಬರ್ರಿ. ಹಂಗ ಒಂದ ಸಮ ಬಾಗ್ಲಾ ಬಡದ್ರ ಯಾರ್ ಒಳಗ ಕರೀತಾರ್ರೀ?"

ಸ್ಕ್ರಿಪ್ಟು ಆ ಬೈಗುಳಕ್ಕೇ ಹಾಡಿನ ಹೆಸರಿಟ್ಟು ಉಳಿಸಿಕೊಂಡಿತ್ತು. ಯಜಮಾನನಿಗೆ ತಕ್ಕ ಬಂಟ.

ಚಕ್ರಪಾಣಿ ಸ್ಕ್ರಿಪ್ಟಿಗೆ ಕಾಯುವುದನ್ನು ಕಲಿಸಿದ: ಒಂದು ಕೇಳು, ತುಸು ತಾಳು, ಬರದಿದ್ದರೆ ಇನ್ನೊಮ್ಮೆ ಕೇಳು. ಇಷ್ಟು ವಿವೇಕ ಅವನಿಗೆ ಮೂವತ್ತು ವರ್ಷದಲ್ಲಿ ಹೊಳೆದಿರಲಿಲ್ಲ.

ಶನಿವಾರ ಅವಳು ಬಂದಳು. "ಈ ಸಲ ಎಣಿಸೀರೋ, ತೆರದೀರೋ?"

"ಓದಿದೆ."

"ಎಲ್ಲಾ?"

"ಎಲ್ಲಾ. ಒಂದು ಅರ್ಧಕ್ಕೇ ನಿಂತೋಗಿತ್ತು. ಪಂಚಮಿಗೆ ಕರ್ಕೊಂಡ್ ಹೋಗೋಕೆ ಅಣ್ಣ ಬಂದಿದಾನೆ, ಅತ್ತೆ ಬಿಡ್ತಿಲ್ಲ. ಮುಂದೇನಾಯ್ತೋ ಅಂತ ಊಟ ಸೇರ್ಲಿಲ್ಲ ಕಣ್ರೀ. ಅದನ್ನ ಮತ್ತೆ ಇಳಿಸ್ದೆ."

"ಏನಾತು?"

"ಕಳಿಸ್ಲೇ ಇಲ್ಲ." ಅವನು ಆ ಹಾಡನ್ನು ಪರದೆಯ ಮೇಲೆ ತೆರೆದ. "ಅವ್ಳು ಬೀಸ್ತಾನೇ ಇದಾಳೆ."

ನೀಲಾಂಬಿಕಾ ಪರದೆಯನ್ನು ಬಿಟ್ಟು, ಮೊದಲ ಬಾರಿಗೆ ಅವನನ್ನು ನೋಡಿದಳು. ಕೆಂಪಾದ ಕಣ್ಣು, ತಪ್ಪಾಗಿ ಹಾಕಿಕೊಂಡ ಅಂಗಿಯ ಗುಂಡಿ. ನೋಡಲು ಅಂಥದ್ದೇನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದಳು.

"ಭಾಳ ಜಂಬ ಐತಿ ನಿಮಗ."

"ಇದೆ. ನೀವಂದ್ರೆ ನಂಗಿಷ್ಟ," ಎಂದ, ಆ ಸವೆದ ವಾಕ್ಯವನ್ನು ತಾನೇ ಕಂಡುಹಿಡಿದವನಂತೆ.

"ಗೊತ್ತೈತಿ. ನಮ್ಮಪ್ಪನ ಮುಂದ ಹೇಳ್ರಿ. ಆದ್ರ ಸ್ಕ್ರಿಪ್ಟಿನ ಸುದ್ದಿ ತಗೀಬ್ಯಾಡ್ರಿ."

ತೆಗೆದ. ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಕಾರ್ತಿಕದಲ್ಲಿ ಮದುವೆಯಾಯಿತು.