ಸಾಂತಯ್ಯ ಬರೆದ ಮೂರನೆಯ ಗುಡ್ಡ

ಬಹಳ ಹಿಂದೆ, ಏಳು ಗುಡ್ಡಗಳ ನಡುವೆ ಹೊಂಬೆಟ್ಟ ಎಂಬ ರಾಜ್ಯವಿತ್ತು. ಅಲ್ಲಿ ಸಾಂತಯ್ಯ ಎಂಬ ಚಿತ್ರಗಾರನಿದ್ದ. ಗುಡ್ಡ, ಕೆರೆ, ಹೊಲಗಳನ್ನು ಕಣ್ಣು ಕುಕ್ಕುವ ಬಣ್ಣಗಳಲ್ಲಿ ಬರೆದು ಹೆಸರಾದವನು. ಎಂಬತ್ತು ತುಂಬಿದ ಮೇಲೆ ಅವನ ಕಣ್ಣು ಮಂಜಾಯಿತು, ಕೈ ನಡುಗಿತು. ಕುಂಚ ಬಿಟ್ಟು ಅಂಗೈಯಿಂದಲೇ ಬಣ್ಣ ಬಳಿಯತೊಡಗಿದ. “ಮುದುಕನಿಗೆ ಅರಳುಮರಳು” ಎಂದು ಅರಮನೆಯವರು ಆ ಚಿತ್ರಗಳನ್ನು ಹಿಂದಕ್ಕೆ ಕಳಿಸಿದರು.

ಒಂದು ದಿನ ಧೂಮ್ರಕ ಎಂಬ ಮಾಂತ್ರಿಕ ಬಂದ. ಅವನು ಹೆಸರು ಹಿಡಿದು ಕರೆದರೆ ಸಾಕು, ಬಣ್ಣ ಎದ್ದು ಬಂದು ಅವನ ಚೀಲ ಸೇರುತ್ತಿತ್ತು. ಹೊಲದ ಹಸಿರು ಹೋಯಿತು, ಹೂವಿನ ಕೆಂಪು ಹೋಯಿತು. ರಾಜ್ಯವೆಲ್ಲ ಬೂದಿಯಂತಾಯಿತು. ದನಗಳು ಹುಲ್ಲು ಮುಟ್ಟಲಿಲ್ಲ. ಹಣ್ಣು ಯಾವುದು, ಕಾಯಿ ಯಾವುದು ತಿಳಿಯದೆ ತಿಂದ ಮಕ್ಕಳು ಹೊಟ್ಟೆನೋವಿನಿಂದ ಮಲಗಿದರು.

ರಾಜ ಬೇಡಿಕೊಂಡಾಗ ಮಾಂತ್ರಿಕ ನಕ್ಕ. “ನಾನು ಕರೆದರೂ ಬಾರದ ಬಣ್ಣದಲ್ಲಿ ಒಂದು ಚಿತ್ರ ಬರೆಸು. ಎಲ್ಲವನ್ನೂ ಬಿಟ್ಟು ಹೋಗುತ್ತೇನೆ. ಮೂರು ಸಲ ನೋಡುತ್ತೇನೆ. ಸೋತರೆ ರಾಜ್ಯ ನನ್ನದು.”

ಮಂತ್ರಿ ವೀರಣಾರ್ಯ ಸಾಂತಯ್ಯನ ಮನೆಗೆ ಓಡಿದ. ಅಲ್ಲಿ ಕುಡಿಕೆಗಳಲ್ಲಿ ಮುಚ್ಚಿಟ್ಟ ಬಣ್ಣಗಳಷ್ಟೇ ರಾಜ್ಯದಲ್ಲಿ ಉಳಿದಿದ್ದವು.

“ಈಗ ನೆನಪಾದೆನೇನು?” ಎಂದು ಮುದುಕ ಸಿಡುಕಿದ. ಆದರೂ ಎದ್ದ. ಅವನ ಮೊಮ್ಮಗಳೂ ಹಾಸಿಗೆ ಹಿಡಿದಿದ್ದಳು.

ಮೊದಲ ದಿನ ಗುಡ್ಡ ಬರೆಯಲು ಕೂತ. “ಗುಡ್ಡ ಅಂದರೆ ಹಸಿರಲ್ಲವೇ? ಹಸಿರೇ ಹಚ್ಚಿ” ಎಂದು ಮಂತ್ರಿ ಪಟ್ಟು ಹಿಡಿದ. ಸಾಂತಯ್ಯ ಹಲ್ಲು ಕಚ್ಚಿ ಹಚ್ಚಿದ. ಮಾಂತ್ರಿಕ ಬಂದು “ಹಸಿರೇ, ಬಾ” ಎಂದ. ಚಿತ್ರದ ಬಟ್ಟೆ ಬರಿದಾಯಿತು.

ಎರಡನೆಯ ದಿನ ಮತ್ತೆ ಅದೇ ಗುಡ್ಡ. “ದೂರದಿಂದ ಗುಡ್ಡ ನೀಲಿ. ನಾನೇ ಕಂಡಿದ್ದೇನೆ” ಎಂದ ಮಂತ್ರಿ. “ನೀಲಿಯೇ, ಬಾ” ಎಂದ ಮಾಂತ್ರಿಕ. ಅದೂ ಹೋಯಿತು.

ಮೂರನೆಯ ದಿನ ಮಂತ್ರಿ ಬಾಯಿ ತೆರೆಯುವಷ್ಟರಲ್ಲಿ ಸಾಂತಯ್ಯ ಎದ್ದು ನಿಂತ. “ಅರವತ್ತು ವರ್ಷದಿಂದ ನಿಮ್ಮಂಥವರ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ! ಆಚೆ ನಡೀರಿ ಸ್ವಾಮಿ!”

ಅವನನ್ನು ಹೊರಗೆ ಹಾಕಿ, ಉಳಿದ ಬಣ್ಣಗಳನ್ನೆಲ್ಲ ಅಂಗೈಯಲ್ಲಿ ಕಲಸಿದ. ತನ್ನ ಮಂಜುಗಣ್ಣಿಗೆ ಗುಡ್ಡ ಹೇಗೆ ಕಾಣುತ್ತದೋ ಹಾಗೆಯೇ ಬರೆದ.

“ಕೆಂಪೇ, ಬಾ” ಎಂದ ಮಾಂತ್ರಿಕ. ಚಿತ್ರ ಅಲುಗಲಿಲ್ಲ. “ಕೇಸರಿಯೇ? ನೇರಳೆಯೇ?” ಒಂದೂ ಬರಲಿಲ್ಲ. ಗಂಟಲು ಕಟ್ಟುವವರೆಗೂ ಕೂಗಿದ. ಕೂಗು ನಿಂತದ್ದೇ ತಡ, ಚೀಲ ಹರಿದು ಬಣ್ಣಗಳೆಲ್ಲ ಹೊಲಕ್ಕೆ, ಕೆರೆಗೆ, ಬಾನಿಗೆ ಹಾರಿದವು. ಮಾಂತ್ರಿಕ ಹೊಗೆಯಾಗಿ ಚದುರಿಹೋದ.

ಮಂತ್ರಿ ಓಡಿ ಬಂದ. “ಅದ್ಭುತ! ಈ ಬಣ್ಣದ ಹೆಸರೇನು? ಅರಮನೆಯಲ್ಲಿ ಬರೆದಿಡಬೇಕು.”

ಸಾಂತಯ್ಯ ಹಣೆ ಚಚ್ಚಿಕೊಂಡ. “ಹೆಸರಿಟ್ಟರೆ ನಾಳೆ ಇನ್ನೊಬ್ಬ ಬಂದು ಕರೆಯುತ್ತಾನಲ್ಲ ಸ್ವಾಮಿ! ಮನೆಗೆ ಹೋಗಿ!”

ದನಗಳು ಮೇದವು, ಮೊಮ್ಮಗಳು ಎದ್ದು ಆಡಿದಳು, ಹೊಂಬೆಟ್ಟದವರು ಉಂಡುಟ್ಟು ನಗುತ್ತ ಬಾಳಿದರು. ಸಾಂತಯ್ಯನೂ ತೊಂಬತ್ತೊಂದರವರೆಗೆ ಬರೆಯುತ್ತ, ಗೊಣಗುತ್ತ, ಬಲು ಸುಖವಾಗಿದ್ದ.